ಕಲ್ಲಿನಲ್ಲಿ ಅಡಗಿದ ನೀರು

ಮನೆ ಕಟ್ಟಿಸುತ್ತಿರುವ ಗೃಹಸ್ಥರೊಬ್ಬರು ನಮಗೊಂದು ಪ್ರಶ್ನೆಯನ್ನು ಬರೆದು ಕಳಿಸಿದ್ದಾರೆ. ಗೋಡೆಯೊಳಗೆ ವಿದ್ಯುತ್ತಿನ ವೈರು ಎಳೆಸಬೇಕೆಂದು ಅಂಗಡಿಗೆ ಹೋದರೆ ಅಂಗಡಿಯವರು ಮೂರು ಬಗೆಯ ಸುರುಳಿಗಳನ್ನು ಮುಂದಿಟ್ಟರಂತೆ. ಒಂದರ ಮೇಲೆ ಎಫ್.ಆರ್. ಎಂದೂ, ಇನ್ನೊಂದರ ಮೇಲೆ ಎಫ್.ಆರ್.ಎಲ್.ಎಸ್. ಎಂದೂ, ಮೂರನೆಯದರ ಮೇಲೆ ಎಚ್.ಎಫ್.ಎಫ್.ಆರ್. ಎಂದೂ ಅಚ್ಚಾಗಿತ್ತು. ಅಕ್ಷರಗಳು ಬದಲಾದಂತೆ ಬೆಲೆಯೂ ಏರುತ್ತಿತ್ತು. ಹೆಚ್ಚಿನ ಹಣಕ್ಕೆ ಹೆಚ್ಚಿನ ಗುಣವುಂಟೋ, ಅಥವಾ ಬರಿಯ ಅಕ್ಷರಗಳಿಗೇ ಬೆಲೆಯೋ ಎಂಬುದು ಅವರ ಸಂದೇಹ.

ಮಠದ ಪಾಠಶಾಲೆಯಲ್ಲಿ ವ್ಯಾಕರಣ, ತರ್ಕಗಳನ್ನು ಓದಿಕೊಂಡು ಬಂದ ನಮ್ಮನ್ನು ಇಂಥದನ್ನು ಕೇಳಿದ್ದು ಸೋಜಿಗವೇ ಸರಿ. ಆದರೂ ಪ್ರಶ್ನೆಯ ಬೇರನ್ನು ಹಿಡಿದು ಹೊರಟು, ಬಲ್ಲವರನ್ನು ಕೇಳಿ, ಗ್ರಂಥಗಳನ್ನು ತಿರುವಿ ನೋಡಿದಾಗ, ನಾವು ಓದಿದ ತರ್ಕಕ್ಕೂ ಈ ವೈರಿಗೂ ನಂಟಿದೆಯೆಂದು ತಿಳಿದುಬಂತು.

ತರ್ಕಶಾಸ್ತ್ರವನ್ನು ಆರಂಭಿಸುವ ವಿದ್ಯಾರ್ಥಿಗೆ ಮೊಟ್ಟಮೊದಲು ಹೇಳಿಕೊಡುವ ಅನುಮಾನಪ್ರಮಾಣದ ಉದಾಹರಣೆ ಹೊಗೆ ಮತ್ತು ಬೆಂಕಿಯದು. ದೂರದ ಬೆಟ್ಟದಲ್ಲಿ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆಯೆಂದು ತಿಳಿಯಬೇಕು. ಹಾಗಾದರೆ ಬೆಂಕಿಯಿದ್ದಲ್ಲೆಲ್ಲ ಹೊಗೆ ಇರಲೇಬೇಕೆ? ಇಲ್ಲ. ಕಾದು ಕೆಂಪಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹಸಿ ಸೌದೆಯೆಂಬ ಉಪಾಧಿ ಕೂಡಿದಾಗ ಮಾತ್ರ ಬೆಂಕಿಯಿಂದ ಹೊಗೆ ಏಳುತ್ತದೆ. ಅಂದರೆ ಹೊಗೆಯ ಸ್ವಭಾವವನ್ನು ನಿರ್ಧರಿಸುವುದು ಬೆಂಕಿಯಲ್ಲ, ಉರಿಯುವ ವಸ್ತು. ನಮ್ಮ ಪೂರ್ವಿಕರು ಸೌದೆಯನ್ನು ಮಾತ್ರ ಬಲ್ಲವರಾಗಿದ್ದರು. ಇಂದು ನಮ್ಮ ಮನೆಗಳಲ್ಲಿ ಉರಿಯತಕ್ಕ ವಸ್ತುಗಳಲ್ಲಿ ಸೌದೆಗಿಂತ ಪ್ಲಾಸ್ಟಿಕ್ಕೇ ಹೆಚ್ಚು.

ಕಟ್ಟಡಗಳಲ್ಲಿ ಬೆಂಕಿ ಬಿದ್ದಾಗ ಸಾಯುವವರಲ್ಲಿ ಸುಟ್ಟು ಸತ್ತವರಿಗಿಂತ ಹೊಗೆ ಕುಡಿದು ಸತ್ತವರೇ ಹೆಚ್ಚೆಂಬುದು ಎಷ್ಟೋ ಜನಕ್ಕೆ ತಿಳಿಯದು. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಜನ ಅಸುನೀಗಿದರು. ಬೆಂಕಿ ಹೊತ್ತಿದ್ದು ಕೆಳಗೆ, ವಾಹನ ನಿಲ್ಲಿಸುವ ಜಾಗದ ಬಳಿಯಿದ್ದ ಟ್ರಾನ್ಸ್‌ಫಾರ್ಮರಿನಿಂದ. ಪ್ರಾಣ ಹೋದದ್ದು ಮೇಲೆ ಬಾಲ್ಕನಿಯಲ್ಲಿ ಕುಳಿತವರದು. ಜ್ವಾಲೆ ಅವರನ್ನು ಮುಟ್ಟುವ ಮೊದಲೇ ಹೊಗೆ ಮುಟ್ಟಿತ್ತು. ನಮ್ಮ ಬೆಂಗಳೂರಿನಲ್ಲಿಯೇ 2010ರ ಫೆಬ್ರವರಿ 23ರಂದು ಕಾರ್ಲ್‌ಟನ್ ಟವರ್ಸ್ ಎಂಬ ಬಹುಮಹಡಿ ಕಟ್ಟಡದಲ್ಲಿ ಒಂಬತ್ತು ಜನ ತೀರಿಕೊಂಡರು. ಅಲ್ಲಿ ಬೆಂಕಿ ಹುಟ್ಟಿದ್ದು ವಿದ್ಯುತ್ ಕೇಬಲ್ಲುಗಳು ಮೇಲೇರುವ ಕೊಳವೆಯಂಥ ಓಣಿಯಲ್ಲಿ. ಅದೇ ಓಣಿ ಹೊಗೆಗೆ ಚಿಮಣಿಯಾಯಿತು. ಉಸಿರಿಗಾಗಿ ಕಿಟಕಿಯ ಗಾಜು ಒಡೆದು ಕೆಳಗೆ ಹಾರಿ ಸತ್ತವರೂ ಇದ್ದಾರೆ. ಆ ದಿನದ ಚಿತ್ರಗಳನ್ನು ಕಂಡವರು ಮರೆಯಲಾರರು.

ವೈರಿನ ಒಳಗಿರುವುದು ತಾಮ್ರ; ಅದು ಹೊಗೆಯಾಡದು. ಹೊಗೆ ಬರುವುದು ಅದರ ಹೊದಿಕೆಯಿಂದ. ಸಾಮಾನ್ಯ ವೈರಿನ ಹೊದಿಕೆ ಪಿ.ವಿ.ಸಿ. ಎಂಬ ಪ್ಲಾಸ್ಟಿಕ್ಕು. ಶುದ್ಧ ಪಿ.ವಿ.ಸಿ.ಯ ತೂಕದಲ್ಲಿ ನೂರಕ್ಕೆ 57 ಭಾಗ ಕ್ಲೋರಿನ್ ಇದೆ. ಕ್ಲೋರಿನ್, ಬ್ರೋಮಿನ್, ಫ್ಲೋರಿನ್, ಅಯೋಡಿನ್ ಮುಂತಾದವುಗಳ ಕುಲಕ್ಕೆ ಹ್ಯಾಲೊಜನ್ ಎಂದು ಹೆಸರು. ಗ್ರೀಕ್ ಮೂಲದ ಈ ಪದಕ್ಕೆ ಉಪ್ಪನ್ನು ಹುಟ್ಟಿಸುವುದು ಎಂದರ್ಥ. ನಮ್ಮ ಹಳೆಯ ಪಠ್ಯಪುಸ್ತಕಗಳು ಲವಣಜನಕ ಎಂದು ಸೊಗಸಾಗಿ ಅನುವಾದಿಸಿದ್ದವು. ಕ್ಲೋರಿನ್ ಇರುವುದರಿಂದಲೇ ಪಿ.ವಿ.ಸಿ. ಸುಲಭವಾಗಿ ಹೊತ್ತದು, ಇದು ಅದರ ಗುಣ. ಹೊತ್ತಿಕೊಂಡಿತೆಂದರೆ ಹೈಡ್ರೋಜನ್ ಕ್ಲೋರೈಡ್ ಎಂಬ ಅನಿಲವನ್ನು ಉಗುಳುತ್ತದೆ. ಇದು ಅದರ ದೋಷ. ಈ ಅನಿಲ ನೀರು ಸೋಕಿದರೆ, ಬಚ್ಚಲುಮನೆ ತೊಳೆಯಲು ತರುತ್ತೇವಲ್ಲ, ಆ ಆಸಿಡ್ಡೇ ಆಗುತ್ತದೆ. ಕಣ್ಣು, ಮೂಗು, ಗಂಟಲು, ಶ್ವಾಸಕೋಶಗಳೆಲ್ಲ ಒದ್ದೆಯ ಜಾಗಗಳೇ. ಕಣ್ಣು ಬಿಡಲಾರದವನು ಬಾಗಿಲನ್ನು ಹೇಗೆ ಹುಡುಕಿಯಾನು?

ಬೆಂಕಿಯನ್ನು ತಡೆಯಲೆಂದು ಪ್ಲಾಸ್ಟಿಕ್ಕಿಗೂ ಬಟ್ಟೆಗೂ ಬೆರೆಸುವ ರಾಸಾಯನಿಕಗಳಿಗೆ ಜ್ವಾಲಾನಿರೋಧಕಗಳೆನ್ನುತ್ತಾರೆ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬ್ರೋಮಿನ್ನಿನ ಸಂಯುಕ್ತಗಳೇ ಈ ಕೆಲಸದಲ್ಲಿ ಮುಂದಿದ್ದವು. ಸ್ವಲ್ಪ ಬೆರೆಸಿದರೂ ಸಾಕು, ಜ್ವಾಲೆಯ ಸರಪಳಿಯನ್ನು ನಡುವೆಯೇ ತುಂಡರಿಸುವ ಶಕ್ತಿ ಅವಕ್ಕಿದೆ. ಅವುಗಳ ಸಾಮರ್ಥ್ಯವನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಆದರೆ 1973ರಲ್ಲಿ ಅಮೆರಿಕದ ಮಿಷಿಗನ್ ಪ್ರಾಂತದಲ್ಲಿ ನಡೆದದ್ದನ್ನು ದನಕರು ಸಾಕುವ ನಮ್ಮ ಮನೆಗಳವರು ಕೇಳಲೇಬೇಕು. ಒಂದೇ ಕಾರ್ಖಾನೆಯವರು ಎರಡು ಪದಾರ್ಥಗಳನ್ನು ತಯಾರಿಸುತ್ತಿದ್ದರು. ಹಸುವಿನ ಹಿಂಡಿಗೆ ಬೆರೆಸುವ ಮೆಗ್ನೀಸಿಯಂ ಆಕ್ಸೈಡಿಗೆ ನ್ಯೂಟ್ರಿಮಾಸ್ಟರ್ ಎಂದು ಹೆಸರು. ಪ್ಲಾಸ್ಟಿಕ್ಕಿಗೆ ಬೆರೆಸುವ ಬ್ರೋಮಿನ್ ಸಂಯುಕ್ತಕ್ಕೆ ಫೈರ್‌ಮಾಸ್ಟರ್ ಎಂದು ಹೆಸರು. ಹೆಸರು ಹೆಸರಿಗೆ ಹತ್ತಿರ, ಚೀಲ ಚೀಲಕ್ಕೆ ಹತ್ತಿರ. ಚೀಲಗಳು ಅದಲುಬದಲಾಗಿ ಜ್ವಾಲಾನಿರೋಧಕವು ಪಶು ಆಹಾರಕ್ಕೆ ಸೇರಿಹೋಯಿತು. ಹಸುಗಳು ಮೇವು ಬಿಟ್ಟವು, ಹಾಲು ಇಳಿಯಿತು, ಕರುಗಳು ಉಳಿಯಲಿಲ್ಲ. ಕಾರಣ ತಿಳಿಯುವ ಹೊತ್ತಿಗೆ ತಿಂಗಳುಗಳೇ ಕಳೆದು, ಹಾಲು ಮಾಂಸಗಳ ಮೂಲಕ ವಿಷವು ಜನರ ದೇಹವನ್ನೂ ಹೊಕ್ಕಿತ್ತು. ಸುಮಾರು 30,000 ದನಗಳನ್ನು ಕೊಂದು ಹೂಳಬೇಕಾಯಿತು. ಈ ಪದಾರ್ಥ ಕೊಬ್ಬಿನಲ್ಲಿ ಸೇರಿಕೊಂಡು ಕರಗದೆ ಉಳಿಯುವಂಥದು. ದಶಕಗಳು ಕಳೆದ ಮೇಲೂ ಆ ಪ್ರಾಂತದ ಜನರ ರಕ್ತದಲ್ಲಿ ಅದು ಕಂಡುಬಂದಿದೆ.

ಅದು ಆಕಸ್ಮಿಕವೆನ್ನೋಣ. ಆಕಸ್ಮಿಕವೇನೂ ನಡೆಯದ ಸ್ವೀಡನ್ ದೇಶದಲ್ಲಿ, 1972ರಿಂದ 1997ರವರೆಗೆ ಕೂಡಿಟ್ಟ ತಾಯಿಯ ಹಾಲಿನ ಮಾದರಿಗಳನ್ನು ಪರೀಕ್ಷಿಸಿದಾಗ, ಬ್ರೋಮಿನ್ನಿನ ಇನ್ನೊಂದು ಬಗೆಯ ಜ್ವಾಲಾನಿರೋಧಕ ಸುಮಾರು ಐದು ವರ್ಷಕ್ಕೊಮ್ಮೆ ಇಮ್ಮಡಿಯಾಗುತ್ತ ಬಂದದ್ದು ಕಂಡಿತು. ಸೋಫಾದ ಸ್ಪಂಜು, ಟಿ.ವಿ.ಯ ಡಬ್ಬಿ, ಮನೆಯ ಧೂಳು, ಅಲ್ಲಿಂದ ತಾಯಿಯ ಎದೆಹಾಲು. 2009ರಿಂದ ಮುಂದೆ ಸ್ಟಾಕ್‌ಹೋಮ್ ಒಡಂಬಡಿಕೆಯಡಿ ಇಂಥವುಗಳನ್ನು ಒಂದೊಂದಾಗಿ ನಿಷೇಧಿಸುತ್ತ ಬಂದರು. ನಮ್ಮ ಭಾರತ ಸರ್ಕಾರವೂ 2018ರ ಮಾರ್ಚಿನಲ್ಲಿ ಏಳು ರಾಸಾಯನಿಕಗಳ ತಯಾರಿಕೆ, ವ್ಯಾಪಾರ, ಬಳಕೆಗಳನ್ನು ನಿಷೇಧಿಸಿ ನಿಯಮ ಮಾಡಿತು. ಆ ಏಳರಲ್ಲಿ ನಾಲ್ಕು ಬ್ರೋಮಿನ್ನಿನ ಜ್ವಾಲಾನಿರೋಧಕಗಳೇ. ಮಿಷಿಗನ್ನಿನ ದನಗಳನ್ನು ಬಲಿ ತೆಗೆದುಕೊಂಡದ್ದೂ ಅವುಗಳಲ್ಲಿ ಒಂದು.

ಹಾಗಾದರೆ ಹ್ಯಾಲೊಜನ್ ಇಲ್ಲದೆ ಬೆಂಕಿಯನ್ನು ತಡೆಯುವುದು ಹೇಗೆ? ಬೆಂಕಿಯನ್ನು ಆರಿಸುವುದು ನೀರು. ಆದರೆ ವೈರಿನ ಹೊದಿಕೆಯಲ್ಲಿ ನೀರನ್ನು ತುಂಬಿಡುವುದುಂಟೆ? ಉಂಟು ಎನ್ನುತ್ತದೆ ರಸಾಯನಶಾಸ್ತ್ರ. ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಎಂಬ ಪದಾರ್ಥವೊಂದಿದೆ. ನೋಡಲು ಸುಣ್ಣದ ಹಿಟ್ಟಿನಂಥ ಬಿಳಿಯ ಪುಡಿ. ವಾಸನೆಯಿಲ್ಲ, ನೀರಿನಲ್ಲಿ ಕರಗದು, ಕೈಗೆ ಒಣ ಒಣ. ಆದರೆ ಅದರ ತೂಕದಲ್ಲಿ ಮೂರನೆಯ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು, ಲೆಕ್ಕ ಹಿಡಿದು ಹೇಳಬೇಕೆಂದರೆ ನೂರಕ್ಕೆ 34.6 ಭಾಗ, ನೀರಾಗಿ ಹೊರಬರತಕ್ಕದ್ದು. ಹಿಂಡಿದರೆ ಬರುವ ನೀರಲ್ಲ ಅದು. ಕಲ್ಲಿನ ಕಣಕಣದಲ್ಲಿ ಹೈಡ್ರೋಜನ್ ಮತ್ತು ಆಮ್ಲಜನಕಗಳ ರೂಪದಲ್ಲಿ ಬಂಧಿತವಾಗಿ ಕುಳಿತದ್ದು. ಸುಮಾರು 200 ಡಿಗ್ರಿ ಸೆಲ್ಸಿಯಸ್ ಉಷ್ಣ ತಗಲುವವರೆಗೆ ಅದು ಕದಲುವುದಿಲ್ಲ. ಬೆಂಕಿಯ ಬಿಸಿ ಆ ಮಟ್ಟವನ್ನು ದಾಟಿದೊಡನೆ ಕಲ್ಲು ಒಡೆದು ಆವಿಯನ್ನು ಬಿಡುತ್ತದೆ. ನೂರು ಕಿಲೋ ಪುಡಿ ಸುಮಾರು 35 ಕಿಲೋ ನೀರಾವಿಯನ್ನು ಕೊಟ್ಟು, ಉಳಿದದ್ದು ಅಲ್ಯೂಮಿನವಾಗಿ ನಿಲ್ಲುತ್ತದೆ. ಪಟಿಕವನ್ನು ಹೆಂಚಿನ ಮೇಲಿಟ್ಟಾಗ ಅದು ತನ್ನೊಳಗಿನ ನೀರನ್ನು ಬಿಟ್ಟು ಗುಳ್ಳೆಯೆದ್ದು ಉಬ್ಬುವುದನ್ನು ಮನೆಮದ್ದು ಬಲ್ಲ ಹಿರಿಯ ತಾಯಂದಿರು ಕಂಡಿರುತ್ತಾರೆ. ಪಟಿಕವೂ ಅಲ್ಯೂಮಿನಿಯಮ್ಮಿನ ಬಳಗದ್ದೇ.

ಈ ಪುಡಿ ಬೆಂಕಿಯ ಮೇಲೆ ಮೂರು ಬಗೆಯಿಂದ ಕೆಲಸ ಮಾಡುತ್ತದೆ. ಕಲ್ಲು ಒಡೆದು ನೀರು ಬಿಡಬೇಕಾದರೆ ಅದಕ್ಕೆ ಉಷ್ಣ ಬೇಕು. ಆ ಉಷ್ಣವನ್ನು ಅದು ಬೆಂಕಿಯಿಂದಲೇ ಕಸಿದುಕೊಳ್ಳುತ್ತದೆ. ಒಂದು ಕಿಲೋ ಪುಡಿ ಹೀಗೆ ನುಂಗುವ ಉಷ್ಣ ಸುಮಾರು ಸಾವಿರ ಕಿಲೋಜೂಲ್. ಮೂರು ಲೀಟರ್ ತಣ್ಣೀರನ್ನು ಕುದಿಯುವ ಹದಕ್ಕೆ ತರಲು ಬೇಕಾಗುವಷ್ಟು. ಎರಡನೆಯದಾಗಿ, ಹೊರಬಂದ ಆವಿಯು ಪ್ಲಾಸ್ಟಿಕ್ಕಿನಿಂದ ಏಳುವ ಉರಿಯುವ ಅನಿಲಗಳೊಡನೆ ಬೆರೆತು ಅವುಗಳನ್ನು ತೆಳುವಾಗಿಸುತ್ತದೆ. ಮಜ್ಜಿಗೆಗೆ ನೀರು ಸುರಿದಂತೆ. ತೆಳುವಾದ ಅನಿಲ ಹೊತ್ತಿ ಉರಿಯದು. ಮೂರನೆಯದಾಗಿ, ಉಳಿದ ಅಲ್ಯೂಮಿನ ಪದರಾಗಿ ನಿಂತು ಒಳಗಿನ ವಸ್ತುವಿಗೆ ಕವಚವಾಗುತ್ತದೆ. ಇವೆಲ್ಲದರ ಜೊತೆಗೆ ನಮ್ಮ ಪ್ರಕೃತ ವಿಷಯಕ್ಕೆ ಮುಖ್ಯವಾದ ಗುಣವೆಂದರೆ ಹೊಗೆ ಕಡಿಮೆಯಾಗುವುದು, ಮತ್ತು ಏಳುವ ಹೊಗೆಯಲ್ಲಿ ಆಮ್ಲವಿಲ್ಲದಿರುವುದು. ಹಸಿ ಸೌದೆಯ ನೀರು ಹೊಗೆಯನ್ನು ಹೆಚ್ಚಿಸಿದರೆ, ಕಲ್ಲಿನ ನೀರು ಹೊಗೆಯನ್ನು ತಗ್ಗಿಸುತ್ತದೆ. ನಮ್ಮ ತಾರ್ಕಿಕರು ಇದನ್ನು ಕಂಡಿದ್ದರೆ ಇನ್ನೊಂದು ವಾದಗ್ರಂಥವನ್ನೇ ಬರೆಯುತ್ತಿದ್ದರೇನೋ!

ಇದು ದೊರೆಯುವ ಬಗೆಯೂ ಕುತೂಹಲಕರವಾಗಿದೆ. ಬಾಕ್ಸೈಟ್ ಎಂಬ ಕೆಂಗಲ್ಲನ್ನು ಅರೆದು, ಕಾಸ್ಟಿಕ್ ಸೋಡಾದೊಡನೆ ಒತ್ತಡದಲ್ಲಿ ಬೇಯಿಸಿದರೆ ಅದರಲ್ಲಿನ ಅಲ್ಯೂಮಿನ ಕರಗುತ್ತದೆ. ಕಬ್ಬಿಣದ ಅಂಶ ಮೊದಲಾದುವು ಕೆಂಪು ಕೆಸರಾಗಿ ಉಳಿಯುತ್ತವೆ. ತಿಳಿಯನ್ನು ಸೋಸಿ ತಣಿಸಿ, ಹಾಲಿಗೆ ಹೆಪ್ಪು ಹಾಕುವಂತೆ ಹಳೆಯ ಹರಳುಗಳನ್ನೇ ಬೀಜವಾಗಿ ಹಾಕಿದರೆ ಹೊಸ ಹರಳುಗಳು ಕಟ್ಟುತ್ತವೆ. ಆ ಹರಳೇ ಅಲ್ಯೂಮಿನಿಯಂ ಹೈಡ್ರಾಕ್ಸೈಡ್. ಈ ವಿಧಾನವನ್ನು 1888ರಲ್ಲಿ ಕಂಡುಹಿಡಿದ ಕಾರ್ಲ್ ಬಾಯರ್ ಎಂಬ ರಸಾಯನಜ್ಞ ಆಗ ರಷ್ಯಾದಲ್ಲಿದ್ದ. ಅವನ ಮನಸ್ಸಿನಲ್ಲಿದ್ದುದು ಪಾತ್ರೆಗಳ ಲೋಹವೂ ಅಲ್ಲ, ಬೆಂಕಿಯೂ ಅಲ್ಲ. ಹತ್ತಿಬಟ್ಟೆಗೆ ಬಣ್ಣ ಹಿಡಿಸಲು ಬೇಕಾದ ಅಲ್ಯೂಮಿನ. ಈ ಹರಳನ್ನು ಸಾವಿರ ಡಿಗ್ರಿಗೂ ಮಿಗಿಲಾಗಿ ಕಾಯಿಸಿ ನೀರನ್ನೆಲ್ಲ ಓಡಿಸಿದರೆ ಅಲ್ಯೂಮಿನಿಯಂ ಲೋಹದ ದಾರಿ ಹಿಡಿಯುತ್ತದೆ. ಕಾಯಿಸದೆ ಅಲ್ಲಿಯೇ ನಿಲ್ಲಿಸಿ, ತೊಳೆದು, ಮಿಲಿಮೀಟರಿನ ಸಾವಿರದ ಒಂದೆರಡು ಪಾಲಿನಷ್ಟು ನುಣ್ಣಗೆ ಮಾಡಿದರೆ ಜ್ವಾಲಾನಿರೋಧಕ. ಈ ಕೆಲಸ ನಡೆಯುವ ಸ್ಥಳಗಳಲ್ಲಿ ನಮ್ಮ ಬೆಳಗಾವಿಯೂ ಒಂದು. ಹಿಂದೆ ಇಂಡಾಲ್ ಎಂದೇ ಜನ ಬಲ್ಲ, ಈಗ ಹಿಂಡಾಲ್ಕೊ ಸಂಸ್ಥೆಗೆ ಸೇರಿದ ಅಲ್ಲಿನ ಕಾರ್ಖಾನೆ ಅಲ್ಯೂಮಿನ ಮತ್ತು ಅದರ ಹೈಡ್ರೇಟುಗಳನ್ನು ತಯಾರಿಸುತ್ತದೆ. ಕೆಂಪು ಕೆಸರನ್ನು ಮಾತ್ರ ನಾವು ಮರೆಯಲಾಗದು. ಅದು ಕ್ಷಾರಯುಕ್ತವಾದದ್ದು, ರಾಶಿರಾಶಿಯಾಗಿ ಉಳಿಯುವಂಥದು. ಜೋಪಾನ ಮಾಡದಿದ್ದರೆ ನೆಲಜಲಗಳಿಗೆ ಕೇಡು. ನಿರಪಾಯವೆಂದು ಕರೆಸಿಕೊಳ್ಳುವ ವಸ್ತುವಿನ ಹಿಂದೆಯೂ ಇಂಥದೊಂದು ಋಣ ಇದ್ದೇ ಇರುತ್ತದೆ.

ವಸ್ತುವು ಮಾತ್ರ ನಮಗೆ ಅಪರಿಚಿತವಲ್ಲ. ಎದೆ ಉರಿ, ಹುಳಿತೇಗು ಬಂದಾಗ ಚಪ್ಪರಿಸುವ ಎಷ್ಟೋ ಮಾತ್ರೆಗಳಲ್ಲಿ ಇರುವುದು ಇದೇ ಅಲ್ಯೂಮಿನಿಯಂ ಹೈಡ್ರಾಕ್ಸೈಡ್. ಮಕ್ಕಳಿಗೆ ಹಾಕಿಸುವ ಕೆಲವು ಲಸಿಕೆಗಳಲ್ಲಿಯೂ ಲಸಿಕೆಯ ಬಲವನ್ನು ಹೆಚ್ಚಿಸಲೆಂದು ಅತ್ಯಲ್ಪ ಪ್ರಮಾಣದಲ್ಲಿ ಇದನ್ನು ಸೇರಿಸುತ್ತಾರೆ. ಮೂತ್ರಪಿಂಡದ ರೋಗಿಗಳು ಮಾತ್ರ ವೈದ್ಯರನ್ನು ಕೇಳದೆ ಇಂಥ ಮಾತ್ರೆಗಳನ್ನು ಬಹುಕಾಲ ನುಂಗಬಾರದು. ಅವರ ದೇಹ ಅಲ್ಯೂಮಿನಿಯಮ್ಮನ್ನು ಹೊರಹಾಕಲಾರದು. ಅಡುಗೆಮನೆಯ ಕಟ್ಟೆಗೆ ಹಾಸುವ, ಅಮೃತಶಿಲೆಯಂತೆ ಕಾಣುವ ಒಂದು ಬಗೆಯ ಕೃತಕ ಶಿಲೆಯಲ್ಲಿ ಮೂರರಲ್ಲಿ ಎರಡು ಪಾಲು ಈ ಪುಡಿಯೇ. ಉಳಿದದ್ದು ಅಕ್ರಿಲಿಕ್ ಎಂಬ ಅಂಟು. ವಿದ್ಯುತ್ ಕಂಬಗಳ ಮೇಲೆ ಪಿಂಗಾಣಿಯ ಬದಲು ಈಚೆಗೆ ಕಾಣುವ ರಬ್ಬರಿನಂಥ ಇನ್ಸುಲೇಟರುಗಳಲ್ಲಿಯೂ ಇದು ಸೇರಿರುತ್ತದೆ.

ದೋಷಗಳೂ ಇವೆ. ಬ್ರೋಮಿನ್ನಿನಂತೆ ಚಿಟಿಕೆಯಷ್ಟು ಬೆರೆಸಿದರೆ ಸಾಲದು. ಹೊದಿಕೆಯ ತೂಕದಲ್ಲಿ ನೂರಕ್ಕೆ ಅರುವತ್ತರಷ್ಟು ಪುಡಿಯನ್ನೇ ತುಂಬಬೇಕು. ಹಿಟ್ಟು ಹೆಚ್ಚಾದ ಕಣಕದಂತೆ ಆಗ ಪ್ಲಾಸ್ಟಿಕ್ಕು ಬಿರುಸಾಗುತ್ತದೆ, ಎಳೆದರೆ ಹಿಗ್ಗುವ ಗುಣ ಕುಗ್ಗುತ್ತದೆ. ಅದನ್ನು ಹದಗೊಳಿಸುವ ವಿದ್ಯೆಗೇ ವೈರಿನ ಬೆಲೆ ಏರುವುದು. ಇನ್ನೂ ಒಂದು ಮಾತು: 200 ಡಿಗ್ರಿ ದಾಟಿಸಿ ಕರಗಿಸಬೇಕಾದ ನೈಲಾನ್ ಮುಂತಾದವುಗಳಿಗೆ ಇದನ್ನು ಬೆರೆಸುವಂತಿಲ್ಲ, ಕಾರ್ಖಾನೆಯಲ್ಲೇ ನೀರು ಬಿಟ್ಟು ಹಾಳಾಗುತ್ತದೆ. ಅಲ್ಲಿ 300 ಡಿಗ್ರಿಗೂ ಮೇಲೆ ತಾಳಬಲ್ಲ ಮೆಗ್ನೀಸಿಯಂ ಹೈಡ್ರಾಕ್ಸೈಡನ್ನು ಬಳಸುತ್ತಾರೆ. ಉಕ್ಕಿನ ಕಂಬಗಳಿಗೆ ಬಳಿಯುವ ಅಗ್ನಿರಕ್ಷಕ ಬಣ್ಣಗಳಲ್ಲಿ ರಂಜಕದ ಸಂಯುಕ್ತಗಳಿದ್ದು, ಅವು ಬಿಸಿಗೆ ಹಪ್ಪಳದಂತೆ ಉಬ್ಬಿ ಇದ್ದಿಲಿನ ಹೊದಿಕೆಯಾಗುತ್ತವೆ. ಅದು ಬೇರೆಯೇ ಒಂದು ಕಥೆ.

ಇನ್ನು ಅಂಗಡಿಯ ಅಕ್ಷರಗಳಿಗೆ ಬರೋಣ. ಎಫ್.ಆರ್. ಎಂದರೆ ಬೆಂಕಿ ಹರಡುವುದನ್ನು ತಡೆಯುವ ಪಿ.ವಿ.ಸಿ. ಎಫ್.ಆರ್.ಎಲ್.ಎಸ್. ಎಂದರೆ ಬೆಂಕಿಯನ್ನು ತಡೆದು, ಹೊಗೆಯನ್ನೂ ಕಡಿಮೆ ಬಿಡುವ ಪಿ.ವಿ.ಸಿ. ಎರಡರಲ್ಲಿಯೂ ಹ್ಯಾಲೊಜನ್ ಇದ್ದೇ ಇದೆ. ಎರಡನೆಯದರಲ್ಲಿಯೂ ತೂಕದ ನೂರಕ್ಕೆ 20ರವರೆಗೆ ಆಮ್ಲಾನಿಲ ಹೊಮ್ಮಲು ಅವಕಾಶವುಂಟು. ಎಚ್.ಎಫ್.ಎಫ್.ಆರ್. ಎಂದರೆ ಹ್ಯಾಲೊಜನ್ ಇಲ್ಲದ ಜ್ವಾಲಾನಿರೋಧಕ ಹೊದಿಕೆ. ಅದರಲ್ಲಿ ಇರುವುದು ಬಹುಮಟ್ಟಿಗೆ ನಾವು ಮೇಲೆ ವರ್ಣಿಸಿದ ಕಲ್ಲಿನ ಪುಡಿಯೇ. ಇದಕ್ಕೆ ಭಾರತೀಯ ಮಾನಕ ಸಂಸ್ಥೆ 2018ರಲ್ಲಿ ಐ.ಎಸ್. 17048 ಎಂಬ ಪ್ರತ್ಯೇಕ ಮಾನಕವನ್ನು ಹೊರಡಿಸಿದೆ. ಹೊದಿಕೆಯ ಮೇಲೆ ಆ ಸಂಖ್ಯೆ ಮತ್ತು ಐ.ಎಸ್.ಐ. ಮುದ್ರೆಯನ್ನು ನೋಡಿಕೊಳ್ಳಬೇಕು. ಫೈರ್ ಪ್ರೂಫ್ ಎಂಬ ಅಂಗಡಿಯವರ ಮಾತಿಗೆ ಅರ್ಥವಿಲ್ಲ. ಉರಿಯದೇ ಇರುವ ಪ್ಲಾಸ್ಟಿಕ್ ವೈರು ಇಲ್ಲ. ಹ್ಯಾಲೊಜನ್ ಇಲ್ಲದ್ದು ಉರಿದರೂ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಬರುವುದುಂಟು. ಉಳಿಯುವುದು ಕಣ್ಣು ಬಿಟ್ಟು ಬಾಗಿಲು ಕಾಣುವಷ್ಟು ಅವಕಾಶ. ಆ ಕೆಲವು ನಿಮಿಷಗಳಿಗಾಗಿಯೇ ಈ ಖರ್ಚು.

ಎಲ್ಲರೂ ಸಾಲ ಮಾಡಿಯಾದರೂ ಇದನ್ನೇ ಹಾಕಿಸಬೇಕೆಂದು ನಾವು ಹೇಳುವುದಿಲ್ಲ. ಊರಲ್ಲಿ ಒಂದೇ ಅಂತಸ್ತಿನ ಮನೆ, ಮುಂದೆ ಹಿಂದೆ ಎರಡು ಬಾಗಿಲು, ಎರಡು ಹೆಜ್ಜೆಗೆ ಅಂಗಳ ಇರುವವರಿಗೆ, ಸರಿಯಾದ ದಪ್ಪದ ಒಳ್ಳೆಯ ಎಫ್.ಆರ್. ವೈರು, ಬಿಗಿಯಾದ ಕೂಡಿಕೆ, ಅರ್ಥಿಂಗ್ ಮತ್ತು ಎಂ.ಸಿ.ಬಿ. ಇವುಗಳೇ ಹೆಚ್ಚು ಮುಖ್ಯ. ಸಡಿಲ ಕೂಡಿಕೆಯಿಂದ ಹೊತ್ತುವ ಬೆಂಕಿಯನ್ನು ಯಾವ ಪುಡಿಯೂ ತಡೆಯದು. ಆದರೆ ಮೂರು ನಾಲ್ಕು ಅಂತಸ್ತಿನ ವಸತಿ, ಮಲಗುವ ಕೋಣೆಗಳಿಗೆಲ್ಲ ಒಂದೇ ಮೆಟ್ಟಿಲು, ಕಿಟಕಿಗಳಿಗೆಲ್ಲ ಸರಳು, ಇಂಥಲ್ಲಿ ಕೈ ಹಿಡಿಯಬಾರದು. ನಮ್ಮ ಸಮಾಜದವರು ಊರೂರಿಗೆ ಕಟ್ಟಿಸಿರುವ ಪ್ರಸಾದನಿಲಯಗಳನ್ನೂ ಕಲ್ಯಾಣಮಂಟಪಗಳನ್ನೂ ನೆನೆದು ಈ ಮಾತನ್ನು ಒತ್ತಿ ಹೇಳುತ್ತಿದ್ದೇವೆ. ದಾನಿಗಳ ಹೆಸರನ್ನು ಕೆತ್ತಿಸುವ ಕಲ್ಲಿಗೆ ಕೊಡುವ ಲಕ್ಷ್ಯವನ್ನು ಗೋಡೆಯೊಳಗೆ ಅಡಗುವ ವೈರಿಗೂ ಕೊಟ್ಟರೆ, ಅಲ್ಲಿ ನಿದ್ರಿಸುವ ಹಳ್ಳಿಯ ಮಕ್ಕಳಿಗೆ ಉಪಕಾರವಾದೀತು. ಹಳೆಯ ನಿಲಯಗಳಲ್ಲಿ ಎಲ್ಲವನ್ನೂ ಕಿತ್ತು ಹಾಕಲಾಗದಿದ್ದರೆ, ಮೆಟ್ಟಿಲಿನ ಪಕ್ಕದಲ್ಲಿ ಮೇಲೇರುವ ಮುಖ್ಯ ಕೇಬಲ್ಲನ್ನಾದರೂ ಮೊದಲು ಬದಲಿಸಿ, ಅದು ಅಂತಸ್ತಿನಿಂದ ಅಂತಸ್ತಿಗೆ ತೂರುವ ಕಂಡಿಯನ್ನು ಗಾರೆಯಿಂದ ಮುಚ್ಚಿಸಬೇಕು. ಕಂಡಿ ಮುಚ್ಚಿಸುವ ಖರ್ಚು ಒಂದು ದಿನದ ಕೂಲಿ ಮಾತ್ರ.

ವೈರಿನ ಜೊತೆಗೆ ಇನ್ನೊಂದು ವಸ್ತುವನ್ನೂ ಹೇಳಿಬಿಡುತ್ತೇವೆ. ಪೇಟೆಯ ಅಂಗಡಿ, ಆಸ್ಪತ್ರೆ, ಮಂಟಪಗಳ ಮುಖಕ್ಕೆ ಹೊಳೆಹೊಳೆಯುವ ಹಾಳೆಗಳನ್ನು ಜೋಡಿಸುವ ರೂಢಿ ಬಂದಿದೆ, ಎ.ಸಿ.ಪಿ. ಎನ್ನುತ್ತಾರೆ. ಎರಡು ತೆಳು ಅಲ್ಯೂಮಿನಿಯಂ ತಗಡುಗಳ ನಡುವೆ ಪ್ಲಾಸ್ಟಿಕ್ಕಿನ ತಿರುಳು. 2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಟವರ್ ಎಂಬ 24 ಅಂತಸ್ತಿನ ವಸತಿ ಕಟ್ಟಡದಲ್ಲಿ ಒಂದು ಅಡುಗೆಮನೆಯ ಬೆಂಕಿ ಹೊರಗೋಡೆಯನ್ನು ಹಿಡಿದು ತುದಿಯವರೆಗೆ ಏರಿತು. 72 ಜನ ಸತ್ತರು. ಆ ಹಾಳೆಗಳ ತಿರುಳು ಬರಿಯ ಪಾಲಿಎಥಿಲೀನ್, ಅಂದರೆ ನಮ್ಮ ಪ್ಲಾಸ್ಟಿಕ್ ಚೀಲದ ಜಾತಿಯದು. ಅದೇ ಹಾಳೆ, ತಿರುಳಿನಲ್ಲಿ ಹೈಡ್ರಾಕ್ಸೈಡಿನಂಥ ಖನಿಜದ ಪುಡಿ ತುಂಬಿದ್ದೂ ಮಾರುಕಟ್ಟೆಯಲ್ಲಿ ಸಿಗುತ್ತದೆ. ಹೊರಗಿನಿಂದ ನೋಡಿದರೆ ಎರಡಕ್ಕೂ ಭೇದ ಕಾಣದು. ಆದ್ದರಿಂದ ಹಾಳೆ ಜೋಡಿಸುವವರು ಬಣ್ಣದ ಪುಸ್ತಕವನ್ನು ತಂದು ತೋರಿಸುವಾಗ, ತಿರುಳು ಯಾವುದು ಎಂದು ಕೇಳಿ, ಅದರ ಪರೀಕ್ಷೆಯ ಪ್ರಮಾಣಪತ್ರವನ್ನು ಕೈಗೆ ಪಡೆದ ಮೇಲೆಯೇ ಮುಂಗಡ ಕೊಡತಕ್ಕದ್ದು.